ಪಾಯಿಂಟ್ ಟೂ ಟೂ ರೈಫಲ್‌ಗೆ ಉದ್ದ ಮ್ಯಾಗಜೀನ್: ನಂಬಿಕೆ ಎಷ್ಟು, ನಿಜ ಎಷ್ಟು?

ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ಕೋವಿಯ ಮಾತು ಎರಡು ದಾರಿಯಿಂದ ಬರುತ್ತದೆ. ಕೊಡಗಿನಿಂದ ಬಂದು ಇಲ್ಲಿ, ನಾಗರಬಾವಿಯಲ್ಲಿ ಮನೆ ಮಾಡಿಕೊಂಡವರದು ಒಂದು ದಾರಿ. ಅವರ ಊರಿನ ಮನೆಯಲ್ಲಿ ಅಜ್ಜನ ಕಾಲದ ತೋಟೆ ಕೋವಿ ಇರುತ್ತದೆ, ಕೆಲವರಲ್ಲಿ ಅದರ ಜೊತೆಗೊಂದು ಪಾಯಿಂಟ್ ಟೂ ಟೂ ರೈಫಲ್ಲೂ ಇರುತ್ತದೆ. ಇನ್ನೊಂದು, ಶೂಟಿಂಗ್ ಕಲಿಯಬೇಕೆಂದು ಹೊರಟಿರುವ ಕಾಲೇಜು ಹುಡುಗರದು. ಈಗ ಎರಡೂ ಕಡೆಯ ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡುತ್ತಾರೆ. ಅದರಲ್ಲಿ ಬಾಳೆಹಣ್ಣಿನ ಹಾಗೆ ಬಾಗಿದ, 25 ತೋಟೆ ಹಿಡಿಯುವ ಮ್ಯಾಗಜೀನ್ ಹಾಕಿ ಒಬ್ಬಾತ ಪಟಪಟನೆ ಹೊಡೆಯುತ್ತಾನೆ. ‘ನಮ್ಮ ರೈಫಲ್‌ಗೂ ಇಂಥದ್ದೊಂದು ಸಿಕ್ಕಿದರೆ!’ ಎಂಬ ಆಸೆ ಶುರುವಾಗುವುದು ಅಲ್ಲಿಂದ. ಆಸೆಯ ಹಿಂದೆ ಒಂದು ಸಾಲು ತಪ್ಪು ತಿಳಿವಳಿಕೆಗಳಿವೆ. ಅವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ತೋಟೆ ಸಿಕ್ಕಿಕೊಂಡ ಕೋವಿಯನ್ನು ಗಾಬರಿಯಲ್ಲಿ ಎಳೆದಾಡುವಾಗ ಪಕ್ಕದಲ್ಲಿ ನಿಂತವರಿಗೆ ಗುಂಡು ತಗಲಬಹುದು.

‘ಮ್ಯಾಗಜೀನ್ ಅಂದರೇನು, ಒಂದು ಡಬ್ಬಿ, ಒಂದು ಸ್ಪ್ರಿಂಗು. ಡಬ್ಬಿ ಉದ್ದ ಮಾಡಿದರೆ ಮುಗೀತು.’ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದು. ಬೇರೆ ಕೆಲವು ಕೋವಿಗಳ ಮಟ್ಟಿಗೆ ಇದರಲ್ಲಿ ಸ್ವಲ್ಪ ನಿಜವಿರಬಹುದು, ಪಾಯಿಂಟ್ ಟೂ ಟೂ ಮಟ್ಟಿಗಂತೂ ಇಲ್ಲ. ಕಾರಣ ತೋಟೆಯ ಆಕಾರದಲ್ಲೇ ಇದೆ. ಇಂದು ನಾವು ಬಳಸುವ .22 ಲಾಂಗ್ ರೈಫಲ್ ತೋಟೆ 1887ರಷ್ಟು ಹಳೆಯದು, ಅಮೆರಿಕದ ಸ್ಟೀವನ್ಸ್ ಕಂಪನಿಯದು. ಒಟ್ಟು ಉದ್ದ ಒಂದು ಇಂಚು. ಸೈನ್ಯದ ರೈಫಲ್‌ನ ತೋಟೆಗೆ ಬುಡದ ನಡುವೆ ಬೇರೆಯೇ ಒಂದು ಕೇಪು ಇರುತ್ತದೆ. ಇದರಲ್ಲಿ ಹಾಗಿಲ್ಲ. ಸಿಡಿಯುವ ಮದ್ದು ಬುಡದ ಅಂಚಿನ ಮಡಿಕೆಯೊಳಗೇ ಸುತ್ತಲೂ ಹರಡಿಕೊಂಡಿರುತ್ತದೆ, ಪಿನ್ನು ಆ ಅಂಚಿಗೇ ಬಡಿಯುತ್ತದೆ. ರಿಮ್‌ಫೈರ್ ಎಂಬ ಹೆಸರು ಬಂದದ್ದು ಅದರಿಂದ. ಮದ್ದು ಕೂರಬೇಕಾದ್ದರಿಂದ ಅಂಚು ಹೊರಕ್ಕೆ ಚಾಚಿಕೊಂಡಿರಲೇಬೇಕು. ತೋಟೆಯ ಮೈ ಸುಮಾರು 5.7 ಮಿಲಿಮೀಟರ್ ದಪ್ಪ, ಅಂಚು ಸುಮಾರು 7.1.

ಈ 1.4 ಮಿಲಿಮೀಟರ್ ವ್ಯತ್ಯಾಸವೇ ಎಲ್ಲ ತಂಟೆಯ ಮೂಲ. ತೋಟೆಗಳನ್ನು ಒಂದರ ಮೇಲೊಂದು ಮಲಗಿಸಿ, ಅಂಚಿನ ಮೇಲೆ ಅಂಚು ಕೂತಿತು ಎನ್ನಿ. ಹತ್ತು ಪೇರಿಸುವಷ್ಟರಲ್ಲಿ ಹಿಂಭಾಗ ಮುಂಭಾಗಕ್ಕಿಂತ 14 ಮಿಲಿಮೀಟರ್ ಎತ್ತರವಾಗುತ್ತದೆ, 25ಕ್ಕೆ ಅದು 35 ಮಿಲಿಮೀಟರ್. ನೇರ ಡಬ್ಬಿಯಲ್ಲಿ ಇವು ಕೂರುವುದಿಲ್ಲ. ಆ ಮ್ಯಾಗಜೀನ್ ಬಾಗಿರುವುದು ಈ ಲೆಕ್ಕಕ್ಕೆ, ಚೆಂದಕ್ಕಲ್ಲ. ಬಾಗು ಒಂದಿಷ್ಟು ಹೆಚ್ಚುಕಡಿಮೆಯಾದರೂ ನಡುವೆ ಎಲ್ಲೋ ಒಂದು ತೋಟೆಯ ಮೂಗು ಕೆಳಗೆ ವಾಲುತ್ತದೆ, ಇಲ್ಲವೇ ಮೇಲಕ್ಕೇಳುತ್ತದೆ.

ಇದಕ್ಕಿಂತ ಕೆಟ್ಟದ್ದು ಅಂಚಿಗೆ ಅಂಚು ಸಿಕ್ಕಿಕೊಳ್ಳುವುದು. ಬೋಲ್ಟು ಮೇಲಿನ ತೋಟೆಯನ್ನು ಮುಂದಕ್ಕೆ ತಳ್ಳುತ್ತದೆ. ಆ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದಿದ್ದರೆ ಸಲೀಸಾಗಿ ಜಾರಿ ಹೋಗುತ್ತದೆ. ಹಿಂದೆ ಬಿದ್ದಿದ್ದರೆ ಕೆಳಗಿನದಕ್ಕೆ ತಗಲಿಕೊಂಡು ನಿಲ್ಲುತ್ತದೆ. ಐದು ತೋಟೆಯ ಮ್ಯಾಗಜೀನನ್ನು ಬೆರಳಿನಿಂದ ಒಂದೊಂದಾಗಿ ತುಂಬುವಾಗ ಇದನ್ನು ಕಣ್ಣಿನಲ್ಲೇ ನೋಡಿ ಸರಿಪಡಿಸಬಹುದು. ಇಪ್ಪತ್ತೈದು ತುಂಬುವಾಗ ಒಳಗೆ ಏನಾಯಿತೆಂದು ತಿಳಿಯುವುದು ಕಷ್ಟ.

ಸ್ಪ್ರಿಂಗಿನ ವಿಷಯಕ್ಕೆ ಬನ್ನಿ. ಒಂದು ತೋಟೆಯ ತೂಕ ಮೂರು ಗ್ರಾಂ ಚಿಲ್ಲರೆ. ಹತ್ತು ಎತ್ತುವ ಸ್ಪ್ರಿಂಗಿಗೆ ಸುಮಾರು 33 ಗ್ರಾಂ ಹೊರೆ, ಇಪ್ಪತ್ತೈದಕ್ಕೆ 80 ಗ್ರಾಂ ದಾಟುತ್ತದೆ. ಅರೆ ಸ್ವಯಂಚಾಲಿತ ರೈಫಲ್‌ನಲ್ಲಿ ಬೋಲ್ಟು ಹಿಂದೆ ಹೋಗಿ ಮುಂದೆ ಬರುವ ಅರೆಕ್ಷಣದಲ್ಲಿ ಉಳಿದ ತೋಟೆಗಳಷ್ಟೂ ಒಂದು ಮೆಟ್ಟಿಲು ಮೇಲೇರಬೇಕು. ತುಂಬಿದಾಗ ಸ್ಪ್ರಿಂಗು ಬಿಗಿಯಾಗಿ ತಳ್ಳುವುದರಿಂದ ಮೇಲಿನ ತೋಟೆ ಬೋಲ್ಟಿಗೆ ಉಜ್ಜುತ್ತದೆ. ಪಾಯಿಂಟ್ ಟೂ ಟೂ ಮದ್ದಿನ ಬಲವೇ ಕಮ್ಮಿ, ಆ ಉಜ್ಜುವಿಕೆಯಲ್ಲೇ ಬೋಲ್ಟಿನ ವೇಗ ಸೋರಿಹೋಗುತ್ತದೆ. ಖಾಲಿಯಾಗುತ್ತ ಬಂದಾಗ ಸ್ಪ್ರಿಂಗು ಸಡಿಲ, ಕೊನೆಯ ತೋಟೆಗಳು ಮೂಗು ಬಗ್ಗಿಸುತ್ತವೆ. ಉದ್ದ ಮ್ಯಾಗಜೀನಿನ ದೂರುಗಳು ಹೆಚ್ಚಾಗಿ ಮೊದಲ ಒಂದೆರಡು ತೋಟೆಗೋ ಕೊನೆಯ ಎರಡು ಮೂರಕ್ಕೋ ಸಂಬಂಧಿಸಿರುವುದು ಇದಕ್ಕೇ.

‘ಕಂಪನಿಯದು ಮಾತ್ರ ಒಳ್ಳೆಯದು, ಹೊರಗಿನವರು ಮಾಡಿದ್ದೆಲ್ಲ ಕಸ’ ಎನ್ನುವವರೂ ಇದ್ದಾರೆ. ಇದು ಅರ್ಧ ನಿಜ. ಅಮೆರಿಕದಲ್ಲಿ ಮನೆಮಾತಾದ ರೂಗರ್ 10/22 ರೈಫಲ್ ಬಂದದ್ದು 1964ರಲ್ಲಿ. ಹತ್ತು ತೋಟೆಯ ಅದರ ಮ್ಯಾಗಜೀನಿನೊಳಗೆ ಒಂದು ತಿರುಗುವ ಚಕ್ರವಿದೆ. ಒಂದೊಂದು ತೋಟೆಯೂ ತನ್ನದೇ ಕಚ್ಚಿನಲ್ಲಿ ಕೂರುವುದರಿಂದ ಅಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆ ರೈಫಲ್‌ನ ಒಳ್ಳೆಯ ಹೆಸರಿನಲ್ಲಿ ದೊಡ್ಡ ಪಾಲು ಈ ಪುಟ್ಟ ಚಕ್ರದ್ದು. ಅದೇ ರೂಗರ್ ಕಂಪನಿ 25 ತೋಟೆಯ ತನ್ನದೇ ಮ್ಯಾಗಜೀನ್ ಮಾರುಕಟ್ಟೆಗೆ ಬಿಟ್ಟದ್ದು 2011ರಲ್ಲಿ. ನಡುವಿನ ಆ ದೀರ್ಘ ಕಾಲ ಹತ್ತಕ್ಕಿಂತ ಹೆಚ್ಚು ಬೇಕೆಂದವರು ಹೊರಗಿನವರ ಮಾಲನ್ನೇ ನಂಬಬೇಕಿತ್ತು. 1994ರಿಂದ 2004ರವರೆಗೆ ಹತ್ತಕ್ಕಿಂತ ಹೆಚ್ಚು ಹಿಡಿಯುವ ಹೊಸ ಮ್ಯಾಗಜೀನುಗಳ ಮೇಲೆ ಅಲ್ಲಿ ಕೇಂದ್ರ ಸರ್ಕಾರದ ನಿಷೇಧವೂ ಇತ್ತು. ಬೇಡಿಕೆ ಇದ್ದು ಪೈಪೋಟಿ ಇಲ್ಲದ ಕಡೆ ಬರುವ ಮಾಲು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಮೆತ್ತನೆಯ ಪ್ಲಾಸ್ಟಿಕ್ ಮ್ಯಾಗಜೀನುಗಳ ಬಾಯಿಯಲ್ಲಿ ತೋಟೆಯನ್ನು ಹಿಡಿದಿಡುವ ಎರಡು ತುಟಿಗಳಿರುತ್ತವಲ್ಲ, ಅವು ಸವೆದು ಅಗಲವಾಗುತ್ತಿದ್ದವು. ‘ಹೊರಗಿನದು ಕಸ’ ಎಂಬ ಮಾತು ಹುಟ್ಟಿದ್ದು ಆ ಅನುಭವದಿಂದ. ಆಮೇಲೆ ಉಕ್ಕಿನ ತುಟಿ ಇಟ್ಟು ಮಾಡಿದವರೂ ಬಂದರು. ಆದ್ದರಿಂದ ಹೆಸರಿಗಿಂತ ಮೊದಲು ನೋಡಬೇಕಾದದ್ದು ತುಟಿಯನ್ನು. ಎರಡೂ ಬದಿ ಸಮವಾಗಿವೆಯೇ? ಅಂಚು ಒಡೆದಿದೆಯೇ? ಮೇಲಿನ ತೋಟೆ ಪ್ರತಿ ಸಲವೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆಯೇ? ಡಬ್ಬಿ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂಬುದು ಆಮೇಲಿನ ಮಾತು. ರೂಗರ್‌ನ ಆ ಚಕ್ರದ ಮ್ಯಾಗಜೀನಿನ ಹೊರಮೈಯೂ ಪ್ಲಾಸ್ಟಿಕ್ಕೇ.

ಇಷ್ಟೆಲ್ಲ ಅಮೆರಿಕದ ಕಥೆ. ನಮ್ಮ ಮನೆಗಳಲ್ಲಿ ಕಾಣುವ ಪಾಯಿಂಟ್ ಟೂ ಟೂ ಹೆಚ್ಚಾಗಿ ಬೋಲ್ಟಿನದು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯದೋ, ಹಳೆಯ ಕಾಲದಲ್ಲಿ ಬಂದ ಜೆಕ್ ದೇಶದ ಬ್ರನೋವೋ ಇರುತ್ತದೆ. ಕೈಯಿಂದ ಬೋಲ್ಟು ಎಳೆದು ತಳ್ಳುವ ಇಂಥ ರೈಫಲ್‌ನಲ್ಲಿ ಸ್ಪ್ರಿಂಗಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಐದು ತೋಟೆಯ ಮ್ಯಾಗಜೀನ್ ತಲೆಮಾರುಗಟ್ಟಲೆ ತಕರಾರಿಲ್ಲದೆ ನಡೆದುಕೊಂಡು ಬಂದಿರುವುದು ಅದಕ್ಕೇ. ‘ಪಾಯಿಂಟ್ ಟೂ ಟೂ ಅಂದಮೇಲೆ ಯಾವುದಾದರೂ ಕೂರುತ್ತದೆ’ ಎಂಬುದೂ ತಪ್ಪು. ತೋಟೆ ಒಂದೇ ಇರಬಹುದು, ಆದರೆ ಮ್ಯಾಗಜೀನನ್ನು ಹಿಡಿದಿಡುವ ಕೊಕ್ಕೆಯ ಜಾಗ, ತೋಟೆ ಚೇಂಬರಿಗೆ ಏರುವ ಕೋನ ಒಂದೊಂದು ರೈಫಲ್‌ಗೂ ಬೇರೆ. ಇನ್ನು .22 ಮ್ಯಾಗ್ನಮ್ ತೋಟೆಯಂತೂ ಉದ್ದದಲ್ಲೂ ದಪ್ಪದಲ್ಲೂ ಬೇರೆಯೇ.

ಸಿಡಿಯದ ತೋಟೆಗೆಲ್ಲ ಮ್ಯಾಗಜೀನನ್ನೇ ಬೈಯುವುದು ಇನ್ನೊಂದು ಅಭ್ಯಾಸ. ಹೊರತೆಗೆದ ತೋಟೆಯ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಪಿನ್ನಿನ ಆಳವಾದ ಗುರುತು ಬಿದ್ದಿದ್ದರೆ ಮ್ಯಾಗಜೀನ್ ತನ್ನ ಕೆಲಸ ಮಾಡಿದೆ. ಆ ಜಾಗದಲ್ಲಿ ಮದ್ದು ಸರಿಯಾಗಿ ಹರಡಿಲ್ಲ, ರಿಮ್‌ಫೈರ್ ತೋಟೆಗಳಲ್ಲಿ ಇದು ಆಗುವಂಥದ್ದೇ. ಗುರುತು ತೆಳ್ಳಗಿದ್ದರೆ ಪಿನ್ನಿನ ಸ್ಪ್ರಿಂಗನ್ನೋ ಬೋಲ್ಟಿನೊಳಗಿನ ಕೊಳೆಯನ್ನೋ ಅನುಮಾನಿಸಬೇಕು. ಗುರುತೇ ಇಲ್ಲದೆ ತೋಟೆಯ ಸೀಸದ ಮೂಗು ಜಜ್ಜಿದ್ದರೆ, ಪಕ್ಕದಲ್ಲಿ ಗೀರು ಬಿದ್ದಿದ್ದರೆ, ಆಗ ಮ್ಯಾಗಜೀನಿನ ಕಡೆ ಕೈ ತೋರಿಸಬಹುದು.

ಕೊಡಗಿನ ಮಳೆ ಗೊತ್ತಿರುವವರಿಗೆ ಕೋವಿಗೆ ಎಣ್ಣೆ ಹಾಕುವುದು ರಕ್ತಗತ. ನಳಿಗೆಗೆ, ಬೋಲ್ಟಿಗೆ ಅದು ಬೇಕು. ‘ಮ್ಯಾಗಜೀನಿಗೂ ಚೆನ್ನಾಗಿ ಎಣ್ಣೆ ಬಿಟ್ಟರೆ ಸಲೀಸು’ ಎಂಬುದು ಮಾತ್ರ ಉಲ್ಟಾ ಹೊಡೆಯುತ್ತದೆ. ಪಾಯಿಂಟ್ ಟೂ ಟೂ ಗುಂಡಿನ ಮೈಮೇಲೆ ಮೇಣದ ಲೇಪವಿರುತ್ತದೆ. ಬಹಳ ದಿನ ಬಿಚ್ಚದ ಮ್ಯಾಗಜೀನಿನ ತಳ ತೆಗೆದು ಪೇಪರಿನ ಮೇಲೆ ತಟ್ಟಿದರೆ ಒಳಗಿಂದ ಬರುವುದು ಬೂದು ಬಣ್ಣದ ಅಂಟು ಅಂಟಾದ ಹಿಟ್ಟು. ಅದು ಮೇಣ, ಸೀಸದ ಪುಡಿ, ಸುಟ್ಟ ಮದ್ದಿನ ಕರಿ, ದೂಳು ಎಲ್ಲ ಸೇರಿದ ಕೊಳೆ. ಸ್ಪ್ರಿಂಗಿನ ಸುರುಳಿಗಳ ನಡುವೆ, ತೋಟೆಯನ್ನು ಮೇಲೆತ್ತುವ ಫಾಲೋವರಿನ ಎರಡೂ ಪಕ್ಕದಲ್ಲಿ ಅದು ಮೆತ್ತಿಕೊಂಡಿರುತ್ತದೆ. ಅದರ ಮೇಲೆ ಎಣ್ಣೆ ಸುರಿದರೆ ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬಿಚ್ಚಿ, ಬ್ರಶ್ಶಿನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಬೇಕು. ತುಕ್ಕಿನ ಭಯವಿದ್ದರೆ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒಮ್ಮೆ ಸವರಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿಬಿಡಬೇಕು. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸೋಪಿನಲ್ಲಿ ತೊಳೆಯಲೇಬೇಕು.

ತುಂಬಿಟ್ಟರೆ ಸ್ಪ್ರಿಂಗು ಸಾಯುತ್ತದೆ ಎಂಬುದೂ ಅಷ್ಟೇನೂ ನಿಜವಲ್ಲ. ಒಳ್ಳೆಯ ಉಕ್ಕಿನ ಸ್ಪ್ರಿಂಗು ತನ್ನ ಮಿತಿಯೊಳಗೆ ಒತ್ತಿಕೊಂಡಿದ್ದರೆ ಬೇಗ ಸೋಲುವುದಿಲ್ಲ, ಅದನ್ನು ಸೋಲಿಸುವುದು ಮತ್ತೆ ಮತ್ತೆ ಒತ್ತಿ ಬಿಡುವುದು ಮತ್ತು ಮಿತಿಮೀರಿ ತುರುಕುವುದು. ಹಾಗಿದ್ದರೂ ಮನೆಯಲ್ಲಿ ಮ್ಯಾಗಜೀನ್ ತುಂಬಿಡಬಾರದು. ಇದು ಸ್ಪ್ರಿಂಗಿನ ಮೇಲಿನ ಕರುಣೆಗಲ್ಲ, ಮನೆಯಲ್ಲಿ ಮಕ್ಕಳಿರುತ್ತಾರೆ ಎಂಬುದಕ್ಕೆ.

ಸ್ಪರ್ಧೆಗೆ ಹೋಗಬೇಕೆನ್ನುವ ಹುಡುಗರಿಗೆ ಒಂದು ಮಾತು. ಹೆಚ್ಚು ತೋಟೆ ಹಿಡಿಯುವ ಮ್ಯಾಗಜೀನಿನಿಂದ ಅಲ್ಲಿ ಕಾಸಿನ ಲಾಭವಿಲ್ಲ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಒಂದೊಂದೇ ತೋಟೆಯನ್ನು ಕೈಯಿಂದ ಇಟ್ಟು ಹೊಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಹೀಗೆ ಒಂದೊಂದಾಗಿ ಹೊಡೆದೇ. 25 ಮೀಟರ್ ಪಿಸ್ತೂಲಿನಲ್ಲಿ ಮ್ಯಾಗಜೀನ್ ಇದೆ, ಆದರೆ ತುಂಬುವುದು ಐದೇ. 2012ರ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ತಂದ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ. ಅಲ್ಲಿ ತೋಟೆ ಸಿಕ್ಕಿಕೊಂಡರೆ ತೀರ್ಪುಗಾರರು ಬಂದು ಪರೀಕ್ಷಿಸುತ್ತಾರೆ. ತಪ್ಪು ಪಿಸ್ತೂಲಿನದೋ ತೋಟೆಯದೋ ಆದರೆ ಮತ್ತೊಂದು ಅವಕಾಶ. ತುಂಬಲು ಮರೆತದ್ದೋ, ಸೇಫ್ಟಿ ತೆಗೆಯದೇ ಇದ್ದದ್ದೋ ಆದರೆ ನಷ್ಟ ಆಟಗಾರನದೇ. ಹಾಗಾಗಿ ಇಂಥ ಆಟಗಾರರು ಮ್ಯಾಗಜೀನುಗಳಿಗೆ ನಂಬರ್ ಹಾಕಿಟ್ಟುಕೊಂಡರೆ ಒಳ್ಳೆಯದು. ಯಾವುದು ಕೈಕೊಟ್ಟಿತೆಂದು ತಿಳಿದರೆ ಅದನ್ನು ಪಕ್ಕಕ್ಕಿಡಬಹುದು.

ಈಗ ಕಾನೂನು. ವರ್ಕ್‌ಶಾಪುಗಳು ತುಂಬಿರುವ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದ ಸುತ್ತಮುತ್ತ ಇರುವ ನಮ್ಮಲ್ಲಿ ‘ಲೇತಿನವನಿಗೆ ಹೇಳಿದರೆ ಮಾಡಿಕೊಡುತ್ತಾನೆ’ ಎಂಬ ಮಾತು ಸುಲಭವಾಗಿ ಬರುತ್ತದೆ. ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ. ಪರವಾನಗಿ ಇಲ್ಲದೆ ಆಯುಧ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಸಜೆ, ಅದು ಜೀವಾವಧಿಗೂ ಏರಬಹುದು. ಒಂದು ಮ್ಯಾಗಜೀನಿನ ಆಸೆಗೆ ವರ್ಕ್‌ಶಾಪಿನವನನ್ನು ಇಂಥ ಸುಳಿಗೆ ತಳ್ಳುವುದು ಅನ್ಯಾಯ. ಅಮೆರಿಕದಲ್ಲಿರುವ ಭಾವನಿಗೆ ‘ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಾ’ ಎನ್ನುವುದೂ ಅಷ್ಟೇ ಅಪಾಯ. ಬೇಕೇಬೇಕೆಂದರೆ ಪರವಾನಗಿ ಇರುವ ಡೀಲರ್ ಬಳಿ ರೈಫಲ್‌ನ ದಾಖಲೆ ತೋರಿಸಿ, ಅದೇ ತಯಾರಕರ ಮ್ಯಾಗಜೀನ್ ಕೇಳಿ.

‘ನಾವು ಕೊಡವರು, ನಮಗೆ ಲೈಸೆನ್ಸಿನ ಗೊಡವೆ ಇಲ್ಲ’ ಎಂಬ ಮಾತಿಗೂ ಮಿತಿಯಿದೆ. 1861ರಿಂದ ಬಂದ ವಿನಾಯಿತಿ 1963ರ ಅಧಿಸೂಚನೆಯಲ್ಲಿ ಮುಂದುವರಿಯಿತು. ಅದು ಕೊಡವರಿಗೂ ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೊಡಗಿನ ಹೊರಗೆ ವಾಸಿಸುವಾಗ, ಪ್ರಯಾಣಿಸುವಾಗ ಲೆಕ್ಕ ಖಚಿತ: ಒಂದು ರೈಫಲ್, ಅದಕ್ಕೆ 100 ತೋಟೆ, ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟೆ. ಮಲ್ಲತ್ತಹಳ್ಳಿಯ ಮನೆಗೂ ಇದೇ ಲೆಕ್ಕ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್ ಹೂವಿಟ್ಟು ಪೂಜಿಸುವ ಕೋವಿಗೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ಇಪ್ಪತ್ತೈದರ ಮ್ಯಾಗಜೀನು ಬೇಕಾಗಿಯೂ ಇಲ್ಲ. ಅಲ್ಲಿ ಮೆಚ್ಚುಗೆ ಗಳಿಸುವುದು ಒಂದೇ ಗುಂಡಿಗೆ ಕಾಯಿ ಒಡೆದವರು.

ಮ್ಯಾಗಜೀನ್ ಯಾವುದೇ ಇರಲಿ, ರೇಂಜಿನಲ್ಲಿ ಟ್ರಿಗರ್ ಒತ್ತಿದಾಗ ಗುಂಡು ಹಾರದಿದ್ದರೆ ಮಾಡಬೇಕಾದ್ದು ಇಷ್ಟು. ಬೆರಳನ್ನು ಟ್ರಿಗರಿನಿಂದ ಹೊರಗೆ ತೆಗೆಯಿರಿ, ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ, ಕೋವಿಯನ್ನು ತಿರುಗಿಸಿ ಪಕ್ಕದವರಿಗೆ ತೋರಿಸಬೇಡಿ. ತಡವಾಗಿ ಸಿಡಿಯುವ ಸಾಧ್ಯತೆ ಇರುವುದರಿಂದ 30 ಸೆಕೆಂಡು ಹಾಗೇ ಕಾಯಿರಿ. ಮೊದಲು ಮ್ಯಾಗಜೀನ್ ಕಳಚಿ, ಆಮೇಲೆ ಬೋಲ್ಟು ತೆರೆದು ಚೇಂಬರಿನಲ್ಲಿ ಏನಾದರೂ ಉಳಿದಿದೆಯೇ ನೋಡಿ. ಸಿಕ್ಕಿಕೊಂಡ ತೋಟೆಯನ್ನು ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಮದ್ದಿರುವುದು ಅಂಚಿನಲ್ಲೇ. ಎಂದಿನ ಸದ್ದಿಗೆ ಬದಲು ಬರೀ ‘ಫುಸ್’ ಎಂದಿದ್ದರೆ ಇನ್ನೊಂದು ತೋಟೆ ಹಾಕಲೇಬೇಡಿ. ಗುಂಡು ನಳಿಗೆಯ ನಡುವೆ ನಿಂತಿರಬಹುದು. ಬೋಲ್ಟು ಹೊರತೆಗೆದು, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ, ಕಾಣದಿದ್ದರೆ ರೈಫಲ್ಲನ್ನು ಹಾಗೆಯೇ ರೇಂಜಿನ ಕೋಚ್ ಕೈಗೆ ಒಪ್ಪಿಸಿ.