ಹುತಾತ್ಮರ ಊರಿನಲ್ಲೊಂದು ಖಾದಿ ಶಾಲೆ

ಹಾವೇರಿ ಜಿಲ್ಲೆಯಲ್ಲಿ ವರದಾ ನದಿಯ ದಂಡೆಗಿರುವ ಹೊಸರಿತ್ತಿ ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ ಗೊತ್ತು. ರಾಯರ ಮಠದ ಭಕ್ತರಿಗೆ ಅದು ಧೀರೇಂದ್ರ ತೀರ್ಥರ ಬೃಂದಾವನವಿರುವ ಕ್ಷೇತ್ರ. ಸ್ವಾತಂತ್ರ್ಯ ಹೋರಾಟದ ಕಥೆ ಕೇಳಿ ಬೆಳೆದವರಿಗೆ ಮೈಲಾರ ಮಹಾದೇವಪ್ಪ ಪ್ರಾಣ ಬಿಟ್ಟ ಊರು. ಮಕ್ಕಳನ್ನು ಯಾವ ವಸತಿ ಶಾಲೆಗೆ ಹಾಕೋಣ ಎಂದು ಹುಡುಕುವ ಸುತ್ತಲಿನ ರೈತ ಕುಟುಂಬಗಳಿಗೆ ಅದು ಗಾಂಧಿ ಗ್ರಾಮೀಣ ಗುರುಕುಲದ ಊರು. ಈ ಶಾಲೆ ಇಲ್ಲೇ ಯಾಕೆ ಹುಟ್ಟಿತು ಎಂದು ತಿಳಿಯಬೇಕಾದರೆ ಮಹಾದೇವಪ್ಪನವರಿಂದಲೇ ಶುರು ಮಾಡಬೇಕು.

1943ರ ಏಪ್ರಿಲ್ 1. ಚಲೇಜಾವ್ ಚಳವಳಿ ಶುರುವಾಗಿ ಎಂಟು ತಿಂಗಳಾಗಿತ್ತು, ಹಿರಿಯ ನಾಯಕರಲ್ಲಿ ಹೆಚ್ಚಿನವರು ಸೆರೆಮನೆಯಲ್ಲಿದ್ದರು. ಸುತ್ತಲಿನ ಹಳ್ಳಿಗಳಿಂದ ವಸೂಲಾದ ಕಂದಾಯದ ಹಣವನ್ನು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇಡಲಾಗಿತ್ತು. ರೈತರಿಂದ ಕಿತ್ತ ಆ ಹಣ ಸರ್ಕಾರದ ಖಜಾನೆಗೆ ಸೇರಬಾರದೆಂದು ಮಹಾದೇವಪ್ಪ ಮತ್ತು ಸಂಗಡಿಗರು ಅಲ್ಲಿಗೆ ನುಗ್ಗಿದರು. ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಲಿಯಾದರು. ಮಹಾದೇವಪ್ಪನವರಿಗೆ ಆಗ ಇನ್ನೂ 31 ವರ್ಷ.

ಭಾಷಣಗಳಲ್ಲಿ ಬರುವುದು ಈ ಭಾಗವೇ. ಹಾವೇರಿಯ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ, ಅವರ ಚಿತ್ರದ ಅಂಚೆಚೀಟಿಯೂ ಬಂದಿದೆ. ಆದರೆ ಗುಂಡಿಗೆ ಎದೆಯೊಡ್ಡುವ ಮೊದಲು ಈ ಮನುಷ್ಯ ವರ್ಷಗಟ್ಟಲೆ ಮಾಡಿದ್ದು ಖಾದಿಯ ಕೆಲಸ. ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಹುಡುಗ ಸಾಬರಮತಿ ಆಶ್ರಮ ಸೇರಿದ. 1930ರ ಮಾರ್ಚ್‌ನಲ್ಲಿ ಗಾಂಧೀಜಿಯ ಜೊತೆ ದಂಡಿಗೆ ಹೆಜ್ಜೆ ಹಾಕಿದ ತಂಡದಲ್ಲಿದ್ದ ಏಕೈಕ ಕನ್ನಡಿಗ ಅವನೇ, ವಯಸ್ಸು ಹದಿನೆಂಟು. ಸೆರೆವಾಸ ಮುಗಿಸಿ ಊರ ಕಡೆ ಬಂದು ಕೊರಡೂರಿನಲ್ಲಿ ಆಶ್ರಮ ಕಟ್ಟಿ ಹಳ್ಳಿಯವರಿಗೆ ನೂಲುವುದನ್ನು ಕಲಿಸಿದ. ಪತ್ನಿ ಸಿದ್ದಮ್ಮನವರೂ ಚಳವಳಿಗೆ ಇಳಿದು ಜೈಲು ಕಂಡವರು. ನೂಲುವುದನ್ನು ಕಲಿಸುವಂಥ ಕೆಲಸವನ್ನು ಗಾಂಧೀಜಿ ರಚನಾತ್ಮಕ ಕಾರ್ಯ ಎನ್ನುತ್ತಿದ್ದರು. ಚರಕದ ಮುಂದೆ ಕಳೆದ ಆ ವರ್ಷಗಳಲ್ಲಿ ರೋಚಕ ಘಟನೆಗಳಿಲ್ಲ, ಹಾಗಾಗಿ ವೇದಿಕೆಯ ಮೇಲೆ ಅದಕ್ಕೆ ಚಪ್ಪಾಳೆಯೂ ಇಲ್ಲ.

ಆ ಕೆಲಸದ ಬೆಲೆ ಚೆನ್ನಾಗಿ ಬಲ್ಲವರೊಬ್ಬರು ಹೊಸರಿತ್ತಿಯಲ್ಲೇ ಹುಟ್ಟಿದ್ದರು. 1906ರಲ್ಲಿ ಜನಿಸಿದ ಗುದ್ಲೆಪ್ಪ ಹಳ್ಳಿಕೇರಿ ಗಾಂಧಿವಾದಿ ಹೋರಾಟಗಾರರು, ಕರ್ನಾಟಕ ಏಕೀಕರಣಕ್ಕೆ ದುಡಿದವರು, ಮುಂದೆ ವಿಧಾನ ಪರಿಷತ್ತಿನ ಸಭಾಪತಿಯೂ ಆದವರು. ಹಾವೇರಿಯ ಕಾಲೇಜಿಗೆ ಅವರದೇ ಹೆಸರು. 1972ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ನೆನಪಿಗೆ ಏನು ಮಾಡಬೇಕೆಂಬ ಪ್ರಶ್ನೆಗೆ ಅಭಿಮಾನಿಗಳು ಕಂಡುಕೊಂಡ ಉತ್ತರವೇ ಗುರುಕುಲ. 1984ರಲ್ಲಿ ಅದು ಹೊಸರಿತ್ತಿಯಲ್ಲಿ ಆರಂಭವಾಯಿತು. ಪ್ರತಿಮೆ ನಿಲ್ಲಿಸಿ ಕೈ ತೊಳೆದುಕೊಳ್ಳಲು ಅವಕಾಶವಿದ್ದಾಗ ಶಾಲೆಯ ಉಸಾಬರಿ ಹೊತ್ತುಕೊಂಡ ಆ ಅಭಿಮಾನಿಗಳ ದಿಟ್ಟತನ ಮೆಚ್ಚಬೇಕಾದದ್ದು.

ಹೆಸರಲ್ಲಿ ಗುರುಕುಲವೆಂದಿದ್ದರೂ ಇಲ್ಲಿರುವುದು ವೇದಪಾಠವಲ್ಲ. ಬೇರೆ ಶಾಲೆಗಳಲ್ಲಿರುವ ಗಣಿತ, ವಿಜ್ಞಾನ, ಇಂಗ್ಲಿಷು ಇಲ್ಲೂ ಇವೆ, ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಇದೆ. ಬೇರೆಯಾಗಿರುವುದು ಪಾಠದ ಹೊರಗಿನ ಬದುಕು. ಮಕ್ಕಳು ಖಾದಿ ತೊಡುತ್ತಾರೆ. ಸಾಮೂಹಿಕ ಪ್ರಾರ್ಥನೆ ಮಾಡುತ್ತಾರೆ. ಆವರಣದ ಸ್ವಚ್ಛತೆ, ಹೊಲದ ಕೆಲಸ, ದನಗಳ ಆರೈಕೆಯಲ್ಲಿ ಅವರದೂ ಪಾಲಿದೆ. ರೈತನ ಮಗನಿಗೆ ಸೆಗಣಿ ಬಾಚುವುದು ಹೊಸದೇನಲ್ಲ. ಆದರೆ ಶಾಲೆಗೆ ಹೋದಂತೆಲ್ಲ ಆ ಕೆಲಸಕ್ಕೆ ನಾಚಿಕೊಳ್ಳುವುದನ್ನೂ ನಾವು ಕಲಿಸಿಬಿಡುತ್ತೇವೆ. ಆ ಪಾಠವನ್ನು ಇಲ್ಲಿ ಕೈಬಿಟ್ಟಿದ್ದಾರೆ.

ಈ ಬಗೆಯ ಶಿಕ್ಷಣದ ಬೇರು 1937ರ ವಾರ್ಧಾ ಸಮ್ಮೇಳನದಲ್ಲಿದೆ. ಕೈಕಸುಬಿನ ಮೂಲಕವೇ ಓದು, ಅದೂ ಮಾತೃಭಾಷೆಯಲ್ಲಿ, ಏಳು ವರ್ಷ ಉಚಿತವಾಗಿ ಎಂಬ ಗಾಂಧೀಜಿಯ ವಿಚಾರವನ್ನು ಚರ್ಚಿಸಿದ ಆ ಸಭೆಯ ನಂತರ ಜಾಕಿರ್ ಹುಸೇನ್ ಸಮಿತಿ ಅದಕ್ಕೊಂದು ಪಠ್ಯಕ್ರಮದ ರೂಪ ಕೊಟ್ಟಿತು. ಮಕ್ಕಳ ದುಡಿಮೆಯಿಂದಲೇ ಶಾಲೆಯ ಖರ್ಚು ನಡೆಯಲಿ ಎಂಬ ಅಂಶಕ್ಕೆ ಆಗಲೇ ತಕರಾರು ಎದ್ದಿತ್ತು, ಮತ್ತು ಆ ತಕರಾರು ಸುಳ್ಳೆನ್ನಲಾಗದು. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಶಾಲೆಗಳಲ್ಲಿ ತಕಲಿ ತಿರುಗಿತು. ಕೈಗೂ ಪುಸ್ತಕಕ್ಕೂ ನಂಟು ಕೂಡಿಸುವ ಮಾಸ್ತರರು ಸಿಗಲಿಲ್ಲ. ನೂಲುವುದು ವಾರಕ್ಕೊಂದು ಪೀರಿಯಡ್ಡಾಗಿ, ಕಡೆಗೆ ವೇಳಾಪಟ್ಟಿಯಿಂದಲೇ ಬಿದ್ದುಹೋಯಿತು.

ದೇಶ ಬಹುಮಟ್ಟಿಗೆ ಕೈಬಿಟ್ಟದ್ದನ್ನು ಹೊಸರಿತ್ತಿಯ ಶಾಲೆ 1984ರಲ್ಲಿ ಎತ್ತಿಕೊಂಡಿತು. ಪೂರ್ತಿಯಾಗಿ ಎನ್ನಲಾರೆ. ಅಂಕಪಟ್ಟಿಯ ಒತ್ತಡ ಇಲ್ಲಿಯೂ ತಪ್ಪಿದ್ದಲ್ಲ, ಹತ್ತನೇ ತರಗತಿ ಮುಗಿಸಿದ ಹುಡುಗ ಮುಂದೆ ಪೇಟೆಯ ಪಿಯು ಕಾಲೇಜಿನ ಪೈಪೋಟಿಗೇ ಇಳಿಯಬೇಕು. ಹೊಲದಲ್ಲಿ ಕಲಿತದ್ದಕ್ಕೆ ಯಾವ ಬೋರ್ಡೂ ಅಂಕ ಕೊಡುವುದಿಲ್ಲ. ಆದರೂ ಶಾಲೆ ಆ ಕೆಲಸವನ್ನು ಬಿಟ್ಟಿಲ್ಲ. ಮೈಲಾರ ಮಹಾದೇವಪ್ಪನವರ ಬದುಕಿನಲ್ಲಿ ನಾವು ಮರೆತ ಅರ್ಧ ಭಾಗ ಅವರು ಪ್ರಾಣ ಬಿಟ್ಟ ಊರಿನಲ್ಲೇ ಉಳಿದುಕೊಂಡಿರುವುದು ಹೀಗೆ. ನನ್ನ ಮಟ್ಟಿಗೆ, ಅವರ ಹೆಸರಿನ ಯಾವ ಕಟ್ಟಡಕ್ಕಿಂತಲೂ ಅವರಿಗೆ ಹತ್ತಿರವಾದ ಸ್ಮಾರಕ ಇದೇ.

ಹಾವೇರಿಯಿಂದ ಹೊಸರಿತ್ತಿ ದೂರವೇನಲ್ಲ. ಏಪ್ರಿಲ್ ಒಂದರಂದು ಹುತಾತ್ಮರಿಗೆ ಮಾಲೆ ಹಾಕಲು ಹೋಗುವವರು ಶಾಲೆ ನಡೆಯುವ ದಿನಗಳಲ್ಲೂ ಒಮ್ಮೆ ಹೋಗಿಬರಲಿ. ಮಗನನ್ನು ಅಲ್ಲಿ ಸೇರಿಸಬೇಕೆಂದಿರುವ ಪಾಲಕರಿಗೂ ಒಂದು ಮಾತು: ಫಲಿತಾಂಶ ಎಷ್ಟು ಪರ್ಸೆಂಟು ಎಂದು ವಿಚಾರಿಸುವ ಮೊದಲು ದನದ ಕೊಟ್ಟಿಗೆ ನೋಡಿ ಬನ್ನಿ.