ಡಿಜಿಟಲ್ ಪ್ರಾಜೆಕ್ಟ್ ಮ್ಯಾನೇಜರ್: ಕೆಲಸದ ನಡುವೆಯೇ ಕಲಿಕೆ

ಅಂತರಜಾಲ ತಾಣವೋ ಮೊಬೈಲ್ ಆ್ಯಪೋ ಸಿದ್ಧವಾಗಬೇಕಾದರೆ ವಿನ್ಯಾಸಕಾರರು, ಪ್ರೋಗ್ರಾಮರುಗಳು, ಪರೀಕ್ಷಕರು ಹೀಗೆ ಹಲವರು ದುಡಿಯಬೇಕು. ಇವರೆಲ್ಲರ ಕೆಲಸವನ್ನು ಹೊಂದಿಸಿ, ಗೊತ್ತುಪಡಿಸಿದ ದಿನಕ್ಕೆ, ಗೊತ್ತುಪಡಿಸಿದ ವೆಚ್ಚದಲ್ಲಿ ಮುಗಿಸುವ ಹೊಣೆ ಡಿಜಿಟಲ್ ಪ್ರಾಜೆಕ್ಟ್ ಮ್ಯಾನೇಜರರದು.

ಕೆಲಸ ತಡವಾದರೆ ಇನ್ನಷ್ಟು ಜನರನ್ನು ಸೇರಿಸಿದರಾಯಿತಲ್ಲವೇ? ಹಾಗೆ ಸೇರಿಸಿದರೆ ತಂತ್ರಾಂಶದ ಕೆಲಸ ಮತ್ತೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಐಬಿಎಂ ಸಂಸ್ಥೆಯ ಓಎಸ್/360 ತಂತ್ರಾಂಶದ ನಿರ್ಮಾಣವನ್ನು ಮುನ್ನಡೆಸಿದ ಅನುಭವ ಅವರದು. ಹೊಸಬರಿಗೆ ಕಲಿಸುವುದರಲ್ಲಿ ಹಳಬರ ಸಮಯ ಕಳೆಯುತ್ತದೆ; ಪರಸ್ಪರ ಮಾತುಕತೆಯೂ ಬೆಳೆಯುತ್ತದೆ. 5 ಜನರಲ್ಲಿ ಇಬ್ಬಿಬ್ಬರ ಜೋಡಿಗಳು 10. 10 ಜನರಲ್ಲಿ ಅವು 45!

ಆದ್ದರಿಂದ ವಿಳಂಬವನ್ನು ಮೊದಲೇ ಗುರುತಿಸುವುದು ಈ ವೃತ್ತಿಯ ಮುಖ್ಯ ವಿದ್ಯೆ. ಇದು ಪುಸ್ತಕದಿಂದಷ್ಟೇ ಬಾರದು. ಶಿಶಿಕ್ಷು, ಎಂದರೆ ಅಪ್ರೆಂಟಿಸ್, ಮೊದಲು ಸಭೆಯ ನಿರ್ಣಯಗಳನ್ನು ಬರೆದಿಡಬಹುದು. ಬಳಿಕ ಕೆಲಸವನ್ನು ಬಿಡಿಬಿಡಿಯಾಗಿ ಪಟ್ಟಿಮಾಡಿ, ಪ್ರತಿಯೊಂದಕ್ಕೂ ಬೇಕಾಗುವ ದಿನಗಳನ್ನು ಅಂದಾಜು ಮಾಡಬೇಕು. ಅಂದಾಜು ತಪ್ಪಿದಲ್ಲಿ ಕಾರಣವೇನೆಂದು ಹಿರಿಯರೊಡನೆ ಕುಳಿತು ನೋಡಬೇಕು. ಅನಂತರವೇ ಸಣ್ಣ ಭಾಗವೊಂದರ ಸ್ವತಂತ್ರ ಹೊಣೆ.

ನಮ್ಮ ದೇಶದಲ್ಲಿ ಶಿಶಿಕ್ಷು ತರಬೇತಿಗೆ 1961ರ ಕಾಯಿದೆ ಆಧಾರ. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, 2014ರ ತಿದ್ದುಪಡಿಯಿಂದ ಇತರ ಪದವೀಧರರೂ ಅದರ ವ್ಯಾಪ್ತಿಗೆ ಬಂದರು. ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಉಂಟು.

“ಈ ಕೆಲಸ ಹೇಳಿದ ದಿನಕ್ಕೆ ಮುಗಿಯದು” ಎಂದು ಎರಡು ವಾರ ಮುಂಚೆಯೇ ತಿಳಿಸಿದರೆ ದಾರಿ ಹುಡುಕಬಹುದು; ಕೊನೆಯ ದಿನ ಹೇಳಿದರೆ ಉಳಿಯುವುದು ಕ್ಷಮೆ ಕೇಳುವುದೊಂದೇ. ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಕಾಲೇಜಿನ ಪ್ರಾಜೆಕ್ಟಿನಿಂದಲೇ ಆರಂಭಿಸಬಹುದು.