ಯಾರ ಹಂಗೂ ಇಲ್ಲದ ಮೇಳ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಉಂಡು ಕೈ ತೊಳೆದ ಮೇಲೆ ನಾಲ್ಕಾರು ಮಂದಿ ಮಠದ ಪೌಳಿಗೋ ಹನುಮಪ್ಪನ ಗುಡಿಯ ಕಟ್ಟೆಗೋ ಬಂದು ಕೂರುತ್ತಾರೆ. ಒಬ್ಬನ ಹೆಗಲಿಗೆ ಏಕತಾರಿ, ಇನ್ನೊಬ್ಬನ ಕೈಯಲ್ಲಿ ದಮ್ಮಡಿ, ಪೇಟಿ ಹೊತ್ತು ತರುವವನು ಮತ್ತೊಬ್ಬ. ಹಗಲೆಲ್ಲ ತೊಗರಿ ಹೊಲದಲ್ಲಿ ದುಡಿದವರು, ಕುರಿ ಕಾಯ್ದವರು, ಗಾರೆ ಕೆಲಸದವರು, ನಿವೃತ್ತರಾದ ಒಬ್ಬ ಮಾಸ್ತರರು. ಹಾಡು ಯಾರು ಕಲಿಸಿದರು ಎಂದರೆ ‘ಕೇಳಿ ಕೇಳಿ ಬಂತ್ರಿ’ ಎಂಬುದೇ ಉತ್ತರ. ಇದು ತತ್ವಪದದ ಭಜನಾ ಮೇಳ.

1977ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಎಂಬ ಪಂಕ್ ರಾಕ್ ತಂಡ ಸಾಲ ತಂದು ತನ್ನ ಹಾಡುಗಳ ರೆಕಾರ್ಡನ್ನು ತಾನೇ ಹೊರತಂದಿತು. ಕಂಪನಿಯ ದಯೆ ಬೇಡ, ಸಂಗೀತಶಾಲೆಯ ಪದವಿ ಬೇಡ, ಹೇಳುವ ಮಾತಿನಲ್ಲಿ ಖಾರವಿದ್ದರೆ ಸಾಕು ಎಂಬುದು ಆ ಹುಡುಗರ ಹಟ. ಅವರ ತಲೆಮಾರಿನ ಕಥೆ ಓದುವಾಗಲೆಲ್ಲ ನನಗೆ ಭೀಮಾ ತೀರದ ಈ ಮೇಳಗಳೇ ಕಣ್ಣ ಮುಂದೆ ಬರುತ್ತವೆ. ಒಂದೇ ವ್ಯತ್ಯಾಸ. ಇಲ್ಲಿಯವರಿಗೆ ಹಟ ಹಿಡಿಯಲು ಎದುರಿಗೆ ಕಂಪನಿಯೇ ಇರಲಿಲ್ಲ, ಇದ್ದದ್ದು ಮಠ ಮತ್ತು ಜಾತಿ.

ಈ ಹಾಡಿನ ಬೆನ್ನು ಹತ್ತಿದವರು ಯಾರೇ ಆದರೂ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಹತ್ತಿರ ಬಂದು ನಿಲ್ಲಬೇಕು. ಕಡಕೋಳ ಮೊದಲು ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅವನ ಹುಟ್ಟೂರು ಅಫಜಲಪುರ ತಾಲ್ಲೂಕಿನ ಬಿದನೂರು, ತಾಯಿ ಗಂಗಮ್ಮ ಎಂದು ಹಿರಿಯರು ಹೇಳುತ್ತಾರೆ. ಇದೇ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರ ಕಾಲದವನು ಅವನು. ಗಂಗಮ್ಮನ ಮಗನ ಹುಟ್ಟಿನ ಬಗ್ಗೆ ಊರು ಆಡಿಕೊಂಡಿತಂತೆ. ಚಿಣಮಗೇರಿಯ ಮಹಾಂತ ಸ್ವಾಮಿಗಳು ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡರೆ ಸುತ್ತಲಿನ ಕುಲಸ್ಥರು ಕೆಂಡವಾದರಂತೆ. ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಗುರುವನ್ನು ಬಿಟ್ಟು ಹೊರಡಬೇಕಾಯಿತೆಂದು ಕೆಲವರು, ಗುರುವೇ ‘ಹೋಗಿ ಹಾಡು’ ಎಂದು ಕಳಿಸಿದನೆಂದು ಇನ್ನು ಕೆಲವರು. ನನಗೆ ಎರಡನೆಯದರ ಮೇಲೆ ಆಸೆ, ಮೊದಲನೆಯದರ ಮೇಲೆ ನಂಬಿಕೆ.

ಅಂತೂ ಅವನು ಕಡಕೋಳಕ್ಕೆ ಬಂದು ನಿಂತ, ಹಾಡಿದ. ಕಾವಿಯ ಒಳಗಿನ ಆಸೆ, ಲಿಂಗ ಕಟ್ಟಿಕೊಂಡವರ ಡಂಭ, ಮಡಿ ಮೈಲಿಗೆಯ ಲೆಕ್ಕಾಚಾರ ಯಾವುದನ್ನೂ ಬಿಡಲಿಲ್ಲ. ಪಂಡಿತರ ಕನ್ನಡ ಅವನಿಗೆ ಬೇಕಿರಲಿಲ್ಲ. ಒಕ್ಕಲುತನದ ಮಾತು, ಬಾವಿಕಟ್ಟೆಯ ಮಾತು, ಸಿಟ್ಟು ಬಂದರೆ ಜಗಳದ ಮಾತು, ಎಲ್ಲವೂ ಪದವಾದವು. ಇಷ್ಟೆಲ್ಲ ಬಯ್ದಾಡಿದ ಮನುಷ್ಯ ಪದದ ಕೊನೆಯ ನುಡಿಗೆ ಬಂದಾಗ ಮೆತ್ತಗಾಗುತ್ತಾನೆ. ಅಲ್ಲಿ ತನ್ನ ಹೆಸರು ಹಾಕುವುದಿಲ್ಲ, ಗುರು ಮಹಾಂತನ ಹೆಸರು ಹಾಕುತ್ತಾನೆ.

ಅವನ ಸುತ್ತ ಕೂಡಿದವರನ್ನು ನೋಡಬೇಕು: ಚನ್ನೂರಿನ ಜಲಾಲಸಾಬ, ಮೋಟ್ನಳ್ಳಿಯ ಹಸನಸಾಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ. ಹೆಸರು ಕೇಳಿದರೇ ಸಾಕು, ಒಂದೇ ಪಂಕ್ತಿಯಲ್ಲಿ ಎಂತೆಂಥವರು ಕೂತಿದ್ದರೆಂದು ತಿಳಿಯುತ್ತದೆ. ಅವರೂ ಪದ ಕಟ್ಟಿದರು. ಧಾರವಾಡ ಸೀಮೆಯಲ್ಲಿ ಶಿಶುನಾಳ ಶರೀಫರು (1819–1889) ಮಾಡಿದ್ದನ್ನು ಈ ಕಡೆಯವರು ತಮ್ಮ ರೀತಿಯಲ್ಲಿ ಮಾಡುತ್ತಿದ್ದರು. ಶರೀಫರಿಗೆ ಮುಂದೆ ಕ್ಯಾಸೆಟ್ ಬಂತು, ಸಿ. ಅಶ್ವಥ್ ಅವರಂಥ ಕಂಠ ಸಿಕ್ಕಿತು, 2008ರಲ್ಲಿ ರಘು ದೀಕ್ಷಿತ್ ಗಿಟಾರಿನ ಜೊತೆ ಅವರ ಪದ ಹಾಡಿ ಕಾಲೇಜು ಹುಡುಗರ ಬಾಯಿಗೆ ಇಟ್ಟರು. ಜಲಾಲಸಾಬನಿಗೆ ಅಂಥ ಅದೃಷ್ಟ ಬರಲಿಲ್ಲ.

ನಡುವಿನ ಇತಿಹಾಸ ಚಿಕ್ಕದಾಗಿ ಹೇಳಿದರೂ ನಡೆದೀತು. ನಿಜಾಮನ ಆಳ್ವಿಕೆಯಲ್ಲಿ ಕಚೇರಿಗೂ ಶಾಲೆಗೂ ಉರ್ದು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿ, 1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬರುವವರೆಗೆ ಹಳ್ಳಿಯ ಕನ್ನಡ ಉಳಿದದ್ದು ಮನೆಯಲ್ಲಿ, ಸಂತೆಯಲ್ಲಿ, ಭಜನೆಯಲ್ಲಿ. ಅಕ್ಷರ ಬಲ್ಲ ಒಬ್ಬ ವಹಿಯಲ್ಲಿ ಬರೆದಿಡುತ್ತಿದ್ದ, ಉಳಿದವರು ಎದೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ವಾದ್ಯಗಳು ಹೆಚ್ಚಿನವಲ್ಲ. ಒಣಗಿಸಿದ ಸೋರೆಬುರುಡೆಗೆ ಚರ್ಮ ಬಿಗಿದು, ಬಿದಿರಿನ ಕೋಲು ತೂರಿಸಿ, ಒಂದು ತಂತಿ ಎಳೆದರೆ ಏಕತಾರಿ. ಅದರಲ್ಲಿ ರಾಗ ನುಡಿಸಲಾಗದು, ಶ್ರುತಿ ಹಿಡಿದು ಕೂರಬಹುದು ಅಷ್ಟೆ. ತಾಳ, ದಮ್ಮಡಿ, ಪೇಟಿ, ತಬಲಾ ಆಮೇಲೆ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಒಬ್ಬ ನುಡಿ ಎತ್ತುತ್ತಾನೆ, ಮೇಳ ಪಲ್ಲವಿ ಹಿಡಿಯುತ್ತದೆ. ಶುರುವಿಗೆ ಗುರುಸ್ತುತಿ, ಕೊನೆಗೆ ಮಂಗಳಾರತಿ. ನಡುವೆ ಏನು ಬರುತ್ತದೆಂಬುದು ಆ ರಾತ್ರಿಯ ಮರ್ಜಿ.

ನಿಜವಾದ ರುಚಿ ಇರುವುದು ಹಾಡು ನಿಂತಾಗ. ಒಗಟಿನಂಥ ಪದವೊಂದು ಮುಗಿಯುತ್ತಿದ್ದಂತೆ ಮೂಲೆಯಲ್ಲಿದ್ದ ಅಜ್ಜ ‘ಇದರ ಅರ್ಥ ಹೇಳು’ ಎಂದು ಹಾಡಿದವನನ್ನೇ ಹಿಡಿಯುತ್ತಾನೆ. ಮನೆ ಎಂದರೆ ದೇಹ, ಒಂಬತ್ತು ಬಾಗಿಲು ಎಂದರೆ ನವದ್ವಾರ, ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದಕ್ಕೆ ವಾದ ಶುರು. ಉತ್ತರ ಬಾಯಿಮಾತಿನಲ್ಲಿ ಕೊಟ್ಟರೆ ಸಪ್ಪೆ, ಇನ್ನೊಂದು ಪದ ಹಾಡಿ ಕೊಡಬೇಕು. ಚಹಾ ಬರುತ್ತದೆ, ಎಲೆಯಡಿಕೆ ತಂಬಾಕು ಬರುತ್ತದೆ, ಜಗಳ ಮುಗಿಯುವುದಿಲ್ಲ. ಊರಲ್ಲಿ ಯಾರಾದರೂ ತೀರಿಕೊಂಡರೆ ಇದೇ ಮೇಳ ಆ ಮನೆಯಲ್ಲಿ ರಾತ್ರಿಯೆಲ್ಲ ಕೂತು ಹಾಡುತ್ತದೆ. ಆಗ ಅರ್ಥ ಕೇಳುವವರು ಇರುವುದಿಲ್ಲ. ಇದಕ್ಕೆಲ್ಲ ಸಂಭಾವನೆಯ ಮಾತೇ ಇಲ್ಲ. ಹಣ ಕೊಡುವ ಯಜಮಾನ ಇರದಿದ್ದಕ್ಕೇ ಯಾರನ್ನು ಬಯ್ದರೂ ನಡೆಯಿತು ಎಂದು ನನ್ನ ಗುಮಾನಿ.

ಪದಗಳಿಗೆ ಪುಸ್ತಕದ ಭಾಗ್ಯ ಬಂದಿದೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಕರ್ನಾಟಕದ ತತ್ವಪದಗಳನ್ನು 50 ಸಂಪುಟಗಳಲ್ಲಿ ಕೂಡಿಸುವ ಕೆಲಸ ಕೈಗೊಂಡಿತು, ಎಸ್. ನಟರಾಜ ಬೂದಾಳು ಅವರು ಅದರ ಮುಂದಾಳಾಗಿದ್ದರು. ದೊಡ್ಡ ಕೆಲಸ, ಕೈಮುಗಿಯಬೇಕು. ಆದರೆ ಸಂಪುಟದಲ್ಲಿ ಧಾಟಿ ಇರುವುದಿಲ್ಲ. ಒಂದೇ ಪದವನ್ನು ಜೇವರ್ಗಿಯವರು ಎಳೆದು ಹಾಡುತ್ತಾರೆ, ಆಳಂದದ ಕಡೆ ಕುಣಿಸಿ ಹಾಡುತ್ತಾರೆ. ಅದು ಬಲ್ಲವರ ಕೊರಳಲ್ಲಿದೆ, ಆ ಕೊರಳುಗಳಿಗೆ ವಯಸ್ಸಾಗಿದೆ. ಮಕ್ಕಳು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಅಮಾವಾಸ್ಯೆಗೆ ರಜೆ ಕೊಡುವ ಗುತ್ತಿಗೆದಾರ ಯಾರಿದ್ದಾನೆ?

ಈಗ ಮೇಳಗಳಿಗೆ ವೇದಿಕೆಯ ಕರೆ ಬರುತ್ತದೆ. ಉತ್ಸವ, ಸ್ಪರ್ಧೆ, ಶಾಲು, ಫಲಕ. ತಪ್ಪೇನಿಲ್ಲ, ಇಷ್ಟು ವರ್ಷ ಪುಕ್ಕಟೆ ಹಾಡಿದವರಿಗೆ ಬಸ್ ಚಾರ್ಜಾದರೂ ಸಿಗಲಿ. ತೊಂದರೆ ಇರುವುದು ಗಡಿಯಾರದಲ್ಲಿ. ಒಂದು ಪದಕ್ಕೆ ಐದಾರು ನುಡಿ, ಒಂದು ಮೇಳಕ್ಕೆ ಕೊಡುವುದು ಕೆಲವೇ ನಿಮಿಷ. ಪೇಟಿಯವನು ಸುರ ಹಿಡಿದು, ಪಲ್ಲವಿ ಎರಡು ಸಲ ತಿರುಗುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. ಮಡಿವಾಳಪ್ಪ ಸ್ವಾಮಿಗಳನ್ನು ಬಯ್ಯಲು ಶುರು ಮಾಡಿರುತ್ತಾನೆ, ಮಹಾಂತನ ಹೆಸರಿಗೆ ಇನ್ನೂ ಮೂರು ನುಡಿ ಇರುತ್ತದೆ, ಗಂಟೆ ಬಾರಿಸುತ್ತಾರೆ. ಬಲ್ಲ ಮೇಳದವರು ಮೊದಲ ನುಡಿ ಹಾಡಿ ನೇರ ಕೊನೆಯದಕ್ಕೆ ಜಿಗಿಯುತ್ತಾರೆ. ಬಯ್ಗುಳವೆಲ್ಲ ಇದ್ದದ್ದು ನಡುವಿನ ನುಡಿಗಳಲ್ಲಿ.